ತೊಳೆದು ಕೊಟ್ಟದ್ದು

ಎಷ್ಟು ತೊಳೆದರೂ ಪೈಪಿನ ವಾಸನೆ ಹೋಗಲಿಲ್ಲ. ಶಾಂತರಾಜು ಅದನ್ನು ಬಿಸಿನೀರಿಗೆ ಹಾಕಿ ತೆಗೆದಿದ್ದ, ಪಾತ್ರೆ ಸೋಪು ಹಚ್ಚಿ ಉಜ್ಜಿದ್ದ, ಕಿಟಕಿಯ ಸರಳಿಗೆ ಕಟ್ಟಿ ಗಾಳಿಗೆ ಬಿಟ್ಟಿದ್ದ. ಈಗ ಭಾನುವಾರ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು, ತುದಿಯ ರಬ್ಬರನ್ನು ಹಲ್ಲಿನ ನಡುವೆ ಕಚ್ಚಿದರೆ ಮತ್ತೆ ಅದೇ, ಹೊಸ ಚಪ್ಪಲಿ ಅಂಗಡಿಯೊಳಗಿನ ವಾಸನೆ. ನಾಲಿಗೆಯ ಬುಡಕ್ಕೆ ಹತ್ತಿಕೊಂಡಿತು. ಕನ್ನಡಿಯಲ್ಲಿ ನಲವತ್ತು ದಾಟಿದ ಒಬ್ಬ ಗಂಡಸು ಕೆನ್ನೆ ಉಬ್ಬಿಸಿ, ತುಟಿ ಮುಂದೆ ಚಾಚಿ, ಕಿವಿಯ ಪಕ್ಕದಲ್ಲಿ ಹಳದಿ ಕೊಳವೆ ನಿಲ್ಲಿಸಿಕೊಂಡು ತನ್ನನ್ನೇ ನೋಡುತ್ತಿದ್ದ. ಇವನೇ ನಾಳೆ ಹೊಳೆನರಸೀಪುರದ ಕಾಲೇಜಿನಲ್ಲಿ ಮಕ್ಕಳಿಗೆ ಇತಿಹಾಸ ಹೇಳುವವನು. ಗದ್ದದ ಮೇಲೆ ಜೊಲ್ಲು ಇಳಿಯಿತು. ಥೂ, ಇದ್ಯಾವ ಕರ್ಮ, ಅಂದುಕೊಂಡ. ಆದರೂ ಪೈಪನ್ನು ತೆಗೆಯಲಿಲ್ಲ. ಅದರೊಳಗೆ ತನ್ನ ಉಸಿರು ಹೋಗಿಬರುವ ಸದ್ದನ್ನು ಕೇಳುತ್ತ ನಿಂತ. ಅದು ಅವನದಲ್ಲ, ಪಕ್ಕದಲ್ಲಿ ಮಲಗಿರುವ ಯಾರೋ ಕಾಯಿಲೆಯವರದು ಅನ್ನಿಸುತ್ತಿತ್ತು.

ಇದನ್ನು ತರಿಸಿಕೊಳ್ಳಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅದೇ ಈಗ ಚುಚ್ಚುವುದು. ಸ್ಟಾಫ್ ರೂಮಿನಲ್ಲಿ ರವೀಂದ್ರ ಫೋನು ಹಿಡಿದುಕೊಂಡು ಅಂಡಮಾನಿನ ವಿಡಿಯೋ ತೋರಿಸುತ್ತಿದ್ದ. ಕಪ್ಪು ಬಂಡೆಗಳು ನೇರ ಸಮುದ್ರಕ್ಕೆ ಇಳಿದಿವೆ, ಅದರ ಮೇಲೆ ಮನುಷ್ಯ ಕಾಲಿಡಲಾಗದ ಹಾಗೆ ಕಾಡು, ಬಂಡೆಯ ಕೆಳಗೆ ಮಾತ್ರ ನೀರು ತಿಳಿಹಸಿರು, ಅದರಲ್ಲಿ ಜನ ಉಸಿರಾಡುವ ಪೈಪು ಕಚ್ಚಿಕೊಂಡು ಬೋರಲಾಗಿ ತೇಲುತ್ತಿದ್ದಾರೆ. ರವೀಂದ್ರ ಕಾಮರ್ಸ್ ಹೇಳುವವನು. ಹಾಸನದಿಂದ ದಿನಾ ಇಬ್ಬರೂ ಒಂದೇ ಕಾರಿನಲ್ಲಿ ಹೋಗಿಬರುತ್ತಾರೆ, ಬಾರೋ ಹೋಗೋ ಅನ್ನುವ ಸಲಿಗೆ, ಎರಡು ಮನೆಯವರೂ ಸೇರಿ ಹೋಗುವುದು ಅಂತ ತೀರ್ಮಾನವಾಗಿ ತಿಂಗಳಾಗಿತ್ತು. "ನೋಡ್ಲಾ, ಈ ಪೈಪು ಅಲ್ಲೇ ಬಾಡಿಗೆಗೆ ಕೊಡ್ತಾರಂತೆ" ಅಂದ ರವೀಂದ್ರ, ಆಮೇಲೆ ಮೂಗು ಮುರಿದು, "ಯಾರ್ಯಾರ ಬಾಯಿಗೆ ಇಟ್ಟಿದ್ದೋ ಏನೋ, ಥೂ! ಯಾವನಿಗೆ ಬೇಕು?" ಅಂದ. ಅಂದವನು ತಲೆಯೆತ್ತಿ ಶಾಂತರಾಜುವಿನ ಕಡೆ ನೋಡಿದ. ಎದುರಿಗೆ ಕೂತವನನ್ನು ನೋಡದೆ ಇನ್ನೇನು ಗೋಡೆ ನೋಡಬೇಕಿತ್ತೇ? ಆದರೆ ಶಾಂತರಾಜುವಿನ ಬಾಯಿ ಅವನನ್ನು ಕೇಳದೆ ತೆರೆದುಕೊಂಡಿತ್ತು: "ನಾವು ನಮ್ದು ನಾವೇ ತರಿಸ್ಕೋತೀವಿ ಬಿಡು. ಯಾರ್ದೂ ಬೇಡ." ಮಾತು ಮುಗಿಯುವ ಮೊದಲೇ ರವೀಂದ್ರ "ಒಳ್ಳೇದಾಯ್ತು ಬಿಡು" ಅಂದುಬಿಟ್ಟಿದ್ದ. ಒಳ್ಳೆಯದಾದದ್ದು ಏನು? ಯಾರಿಗೆ? ಆ ಒಂದು ಮಾತನ್ನು ಶಾಂತರಾಜು ಎಷ್ಟೋ ದಿನ ನಾಲಿಗೆಯಲ್ಲಿ ಹೊರಳಿಸಿದ್ದ. ಹಲ್ಲಿನ ಸಂದಿಗೆ ಸಿಕ್ಕಿದ ಮಾಂಸದೆಳೆಯ ಹಾಗೆ ಬರಲೂ ಒಲ್ಲದು, ಇರಲೂ ಬಿಡದು.

"ಒಳಗೇನು ಮುಳುಗೋಗಿದ್ದೀರಾ?" ಅಂತ ಯಶೋಧರಾ ಬಾಗಿಲು ಬಡಿದಳು. ಅವನು ಪೈಪು ತೆಗೆದು ಬಾಯಿ ಮುಕ್ಕಳಿಸಿ ಹೊರಗೆ ಬಂದ. ಹಾಲ್‌ನಲ್ಲಿ, ಬುದ್ಧನ ಪಟದ ಕೆಳಗಿನ ಟೀಪಾಯಿಯ ಮೇಲೆ, ಉಳಿದ ಎರಡು ಪೈಪುಗಳೂ ಮೂಗನ್ನೂ ಮುಚ್ಚುವ ಎರಡು ಈಜುಗನ್ನಡಕಗಳೂ ಇದ್ದವು. ಯಶೋಧರಾ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಡ್ಯೂಟಿ ಮುಗಿಸಿ ಬಂದು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಗಂಡನ ಕೈಯಲ್ಲಿದ್ದ ಪೈಪನ್ನೂ ಅವನ ಮುಖವನ್ನೂ ನೋಡಿ ನಕ್ಕಳು. "ಇದೊಂದು ಕೊಳವೆಗೆ ಇಷ್ಟೊಂದು ಮಡಿ ಮಾಡ್ತಿದ್ದೀರಲ್ಲ. ನಾನು ದಿನಾ ಬೆಳಗಾದ್ರೆ ಊರು ಜನದ ಕಫ ಬಳೀತೀನಿ, ವಾಂತಿ ಬಳೀತೀನಿ. ಆಮೇಲೆ ಕೈ ತೊಳ್ಕೊಂಡು ಚಿತ್ರಾನ್ನ ತಿಂತೀನಿ. ನಂಗೇನೂ ಅನ್ಸಲ್ಲಪ್ಪ." ಅವಳಿಗೆ ಏನೂ ಅನ್ನಿಸುವುದಿಲ್ಲ ಅನ್ನುವುದು ಅವನಿಗೆ ಒಮ್ಮೊಮ್ಮೆ ಹೊಟ್ಟೆಕಿಚ್ಚು ಬರಿಸುತ್ತಿತ್ತು. "ಅಸಹ್ಯ ಅಂತ ಅಲ್ಲ ಕಣೇ, ಹೈಜೀನು" ಅಂದ. ಆ ಪದ ಬಾಯಿಂದ ಬಿದ್ದ ಕೂಡಲೇ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಗಳು ರಂಜಿನಿ ಆಗಲೇ ನೇರಳೆ ಬಣ್ಣದ ಕನ್ನಡಕ ಹಾಕಿಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು. ಮೂಗು ಮುಚ್ಚಿದ್ದರಿಂದ ಮಾತು ಗುಂಯ್ ಅನ್ನುತ್ತಿತ್ತು. ಆರನೇ ಕ್ಲಾಸಿನ ಹುಡುಗಿ, ತಿಂಗಳಿಂದ ಬಕೆಟ್ಟಿನ ನೀರಿನಲ್ಲಿ ಮುಖ ಮುಳುಗಿಸಿ ಉಸಿರು ಕಟ್ಟುವುದನ್ನು ಕಲಿಯುತ್ತಿದ್ದಾಳೆ. "ಅಪ್ಪ, ಮೀನು ಹತ್ರಕ್ಕೇ ಬಂದ್ಬಿಟ್ರೆ ಏನ್ ಮಾಡೋದು?" ಅಂತ ಕೇಳಿದಳು. "ಸುಮ್ನಿರೋದು. ಅದೂ ನಿನ್ನ ನೋಡ್ಕೊಂಡು ಹೋಗ್ಲಿ" ಅಂದ. ಅವಳಿಗೆ ಅದು ಎಷ್ಟು ಖುಷಿಯಾಯಿತೆಂದರೆ ಕುಣಿದಳು. ಅವನಿಗೆ ಬೇಕಾಗಿದ್ದದ್ದೂ ಇಷ್ಟೇ, ಇನ್ನೇನೂ ಅಲ್ಲ: ಈ ಹುಡುಗಿ ನೀರಿಗಿಳಿಯುವಾಗ ಯಾರ ಮುಖವನ್ನೂ ನೋಡದೆ ಇಳಿಯಬೇಕು. ಮೀನು ನೋಡಬೇಕು, ಬರಬೇಕು. ಅದಕ್ಕಾಗಿಯೇ ದ್ವೀಪ. ಊರು, ಕೇರಿ, ತಾಲ್ಲೂಕು, ಯಾವುದೂ ಇಲ್ಲದ, ಕಲ್ಲು ಮತ್ತು ನೀರು ಮಾತ್ರ ಇರುವ ಜಾಗ.

ಇವತ್ತು ಟಿಕೆಟ್ಟು ಬುಕ್ಕಾಗಬೇಕು. ಶಾಂತಿಗ್ರಾಮದ ಹತ್ತಿರ ರವೀಂದ್ರನ ತೆಂಗಿನ ತೋಟದಲ್ಲಿ ಎಲ್ಲರೂ ಸೇರುವುದು, ಊಟ ಮಾಡುವುದು, ಪಂಪ್‌ಸೆಟ್ಟಿನ ಸಿಮೆಂಟ್ ತೊಟ್ಟಿಯಲ್ಲಿ ಪೈಪು ಕಚ್ಚಿ ಉಸಿರಾಡುವುದನ್ನು ಅಭ್ಯಾಸ ಮಾಡುವುದು, ಸಂಜೆಯೊಳಗೆ ಹೂಂ ಅಂದು ಬುಕ್ ಮಾಡುವುದು. ಕಾರು ಹಾಸನ ದಾಟಿ ಹೈವೇಗೆ ಬಿದ್ದಾಗ ಮುಂದೆ ಕೋಳಿ ತುಂಬಿದ ಲಾರಿಯೊಂದು ಪುಕ್ಕ ಉದುರಿಸಿಕೊಂಡು ಹೋಗುತ್ತಿತ್ತು. ಗಾಜಿಗೆ ಬಿಳಿ ಪುಕ್ಕವೊಂದು ಅಂಟಿ, ವೈಪರ್ ಹಾಕಿದರೆ ಉದ್ದಕ್ಕೂ ಹಿಕ್ಕೆಯ ಗೆರೆ ಎಳೆಯಿತು. ಅದನ್ನು ನೋಡುತ್ತಲೇ ಅವನು ಹಿಂದಿನ ಸೀಟಿಗೆ ಹೇಳಿದ: "ರಂಜೂ, ನಿನ್ ಪೈಪು ನೀನೇ ಇಟ್ಕೋ. ಯಾರಿಗೂ ಕೊಡ್ಬೇಡ. ಅವ್ರದ್ದೂ ಇಸ್ಕೋಬೇಡ."

"ಸ್ಪಂದನಾ ಕೇಳಿದ್ರೆ?" ಅಂತ ರಂಜಿನಿ ರವೀಂದ್ರನ ಮಗಳ ಹೆಸರು ಹೇಳಿದಳು.

"ಕೇಳಿದ್ರೂ ಅಷ್ಟೇ."

"ಯಾಕಪ್ಪ?"

"ಎಂಜಲು ಕಣವ್ವ."

"ಯಾರ ಎಂಜಲು?"

ಯಶೋಧರಾ ಕಿಟಕಿಯ ಕಡೆಯಿಂದ ತಿರುಗಿ ಗಂಡನನ್ನು ನೋಡಿದಳು. ಅವನು ಲಾರಿಯನ್ನು ಹಿಂದೆ ಹಾಕುವ ನೆವದಲ್ಲಿ ಹಾರನ್ ಒತ್ತಿದ. "ಎಲ್ಲಾರ್ದೂ" ಅಂದ, ಆದರೆ ತಡವಾಗಿ ಅಂದ. ಅಷ್ಟರಲ್ಲಿ ಅರಕಲಗೂಡು ಕಡೆಯ ಅವನೂರಿನಲ್ಲಿ ಅವ್ವ ಕೂಲಿಗೆ ಹೋಗುತ್ತಿದ್ದ ಚನ್ನಪ್ಪನ ಕೊಟ್ಟಿಗೆ ಕಣ್ಣ ಮುಂದೆ ಬಂದುಬಿಟ್ಟಿತ್ತು. ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದ್ದ ಆ ನೆಗ್ಗಿದ ಅಲ್ಯುಮಿನಿಯಂ ಲೋಟ, ಅದರ ತಳದಲ್ಲಿ ಹಲ್ಲಿಯ ಹಿಕ್ಕೆ. ಕಾಫಿ ಕೊಡುವ ಹೊತ್ತಿಗೆ ಕೇರಿಯ ಆಳುಗಳು ಅದನ್ನು ತಾವೇ ಎಳೆದುಕೊಂಡು, ತಾವೇ ತೊಳೆದು, ಕುಡಿದು, ಮತ್ತೆ ತಾವೇ ತೊಳೆದು ಸಿಕ್ಕಿಸಬೇಕು. ಅವ್ವ ಮಲ್ಲಿಗಮ್ಮನಿಗೆ ಹಲ್ಲಿಯ ಹಿಕ್ಕೆ ಕಂಡರೆ ಆಗುತ್ತಿರಲಿಲ್ಲ. ಒಂದು ದಿನ ಅವಳು ಸಂತೆಯಿಂದ ಹೊಳೆಯುವ ಸ್ಟೀಲಿನ ಲೋಟ ತಂದಳು, ಕೆಲಸಕ್ಕೆ ಹೋಗುವಾಗ ಅದನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅವುರ್ದ್ಯಾಕೆ? ನಮ್ದು ನಮಗಿರ್ಲಿ" ಅನ್ನುವಾಗ ಅವಳ ಮುಖದಲ್ಲಿ ಏನು ಗತ್ತು! ಚನ್ನಪ್ಪ ಆ ಲೋಟ ನೋಡಿ, ಜಗುಲಿಯ ಮೇಲೆ ಕೂತು, "ಮಲ್ಲಿಗಮ್ಮ ತಿಳುವಳಿಕಸ್ತೆ ಕಣ್ರಲಾ, ಹೇಳಿಸ್ಕಳೋ ಹೆಂಗ್ಸಲ್ಲ" ಅಂದಿದ್ದ. ಅವ್ವ ನಾಚಿಕೊಂಡು ನಕ್ಕಿದ್ದಳು. ಆ ನಗು ನೆನಪಾದರೆ ಶಾಂತರಾಜುವಿಗೆ ಇವತ್ತಿಗೂ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಅವನು ಕಾಫಿ ಕುಡಿಯುವುದಿಲ್ಲ, ಟೀ ಕುಡಿಯುತ್ತಾನೆ. ಅಸಿಡಿಟಿ ಅಂತ ಎಲ್ಲರಿಗೂ ಹೇಳಿಕೊಂಡಿದ್ದಾನೆ.

ತೋಟದ ಗೇಟಿನಲ್ಲಿ ರವೀಂದ್ರನ ತಾಯಿ ದೊಡ್ಡತಾಯಮ್ಮ ನಿಂತಿದ್ದಳು. "ಬನ್ರಪ್ಪ, ಬನ್ರವ್ವ, ಇಷ್ಟೊತ್ತು ಮಾಡ್ಬುಟ್ರಲ್ಲ" ಅಂತ ಯಶೋಧರಾಳ ಕೈಹಿಡಿದು ಕರೆದುಕೊಂಡು ಹೋದಳು. ಕೈಹಿಡಿದದ್ದನ್ನು ಶಾಂತರಾಜು ನೋಡಿದ. ನೋಡಿದೆನಲ್ಲ ಅಂತ ನಾಚಿಕೆಯಾಯಿತು. ರವೀಂದ್ರನ ಹೆಂಡತಿ ಚನ್ನರಾಯಪಟ್ಟಣದ ತವರಿಗೆ ಹೋಗಿದ್ದಳು, ಫೋನಿನಲ್ಲೇ "ನೀವೆಲ್ಲ ಯಾವ ಡೇಟು ಅಂದ್ರೂ ಸರಿ" ಅಂದಳು. ರಂಜಿನಿಯ ವಯಸ್ಸಿನವಳೇ ಆದ ಸ್ಪಂದನಾ ಓಡಿಬಂದು ರಂಜಿನಿಯ ಕೊರಳಿಗೆ ಜೋತುಬಿದ್ದಳು. ಎಳನೀರು ಬಂತು, ಎಲ್ಲರಿಗೂ ಸ್ಟ್ರಾ. ಮುದ್ದೆ, ಕೋಳಿ ಸಾರು ಬಂತು, ಎಲ್ಲರಿಗೂ ಪೇಪರ್ ತಟ್ಟೆ. ನೀರು ಬಂತು, ಎಲ್ಲರಿಗೂ ಪೇಪರ್ ಲೋಟ. ರವೀಂದ್ರನೂ ಅದರಲ್ಲೇ ತಿಂದ, ದೊಡ್ಡತಾಯಮ್ಮನೂ ಅದರಲ್ಲೇ ತಿಂದಳು. "ತ್ವಾಟದಲ್ಲಿ ಪಾತ್ರೆ ತೊಳೆಯೋರ್ಯಾರು ಮಗ, ತಿಂದು ಬಿಸಾಕ್ಬುಟ್ರೆ ಆಯ್ತು" ಅಂದಳು. ಸರಿಯಾದ ಮಾತು. ಆದರೆ ಮನೆಯೊಳಗಿನ ಗೂಡಿನಲ್ಲಿ ಸ್ಟೀಲಿನ ತಟ್ಟೆಗಳು ಸಾಲಾಗಿ ನಿಂತಿದ್ದದ್ದು ಶಾಂತರಾಜುವಿಗೆ ಕಾಣುತ್ತಿತ್ತು. ಅವರ ಬೀಗರು ಬಂದಾಗಲೂ ಪೇಪರ್ ತಟ್ಟೆಯೇ ಇರಬಹುದು, ಇಲ್ಲದೆಯೂ ಇರಬಹುದು. ಹೇಗೆ ಗೊತ್ತಾಗಬೇಕು? ಬೀಗರು ಬಂದ ದಿನ ಕಿಟಕಿಯಲ್ಲಿ ಇಣುಕಬೇಕೇ? ಸಾರಿನಲ್ಲಿ ನೆಂದು ತಟ್ಟೆ ಮೆತ್ತಗಾಗಿ ಬೆರಳಿಗೆ ಕಾಗದದ ಚೂರು ಬರುತ್ತಿತ್ತು. ಅದನ್ನೂ ಮುದ್ದೆಯ ಜೊತೆ ನುಂಗಿದ. ಇಂಥ ಊಟ ಯಾರು ಹಾಕುತ್ತಾರೆ, ಇಷ್ಟು ಅಕ್ಕರೆಯಿಂದ ಯಾರು ಬಡಿಸುತ್ತಾರೆ, ನಾನು ಕೂತುಕೊಂಡು ತಟ್ಟೆ ಎಣಿಸುತ್ತೇನೆ. ಎಂಥಾ ಕೊಳಕು ಮನಸ್ಸಪ್ಪ ನನ್ನದು, ಅಂತ ತನ್ನನ್ನು ತಾನೇ ಬೈದುಕೊಂಡ. ಬೈದುಕೊಂಡರೂ ಕಣ್ಣು ಮತ್ತೆ ಗೂಡಿನ ಕಡೆ ಹೋಯಿತು.

ಊಟವಾದ ಮೇಲೆ ರವೀಂದ್ರ ಚಾಪೆಯ ಮೇಲೆ ಕಾಲು ಚಾಚಿ ಫೋನು ತೆಗೆದ. ಬೆಂಗಳೂರಿಗೆ ಹೋಗಿ ವಿಮಾನ ಹತ್ತಬೇಕು, ಪೋರ್ಟ್ ಬ್ಲೇರಿನಿಂದ ಹಡಗು, ಮೊದಲ ದಿನ ಜೈಲು ನೋಡುವುದು, ಆಮೇಲೆ ದ್ವೀಪ, ದ್ವೀಪದಲ್ಲಿ ಗುಡ್ಡ ಹತ್ತುವುದು, ಬಂಡೆ ಇಳಿದು ನೀರಿಗೆ. "ಆ ಗುಡ್ಡದ ದಾರೀಲಿ ಜಿಗಣೆ ಇರ್ತವಂತೆ ಕಣ್ಲಾ" ಅಂದ. "ಇರ್ಲಿ, ಅವೂ ಊಟ ಮಾಡ್ಲಿ" ಅಂದಳು ಯಶೋಧರಾ. "ಸುತ್ತಾ ನೀರಂತೆ, ನಾನಂತೂ ಬರಾಕಿಲ್ಲ" ಅಂದಳು ದೊಡ್ಡತಾಯಮ್ಮ. "ನಿನ್ನ ಕರೆದೋರ್ಯಾರವ್ವ? ಆರೇ ಜನ" ಅಂತ ರವೀಂದ್ರ ನಕ್ಕ. ಡೇಟಿನ ಮಾತು ಬಂದಾಗ ಶಾಂತರಾಜು ಗೊಣಗಿದ, ಪರೀಕ್ಷೆ ಮುಗಿಯಲಿ, ಮೌಲ್ಯಮಾಪನ ಇರುತ್ತೆ, ನೋಡಣ. "ಏನ್ಲಾ ನೋಡದು? ಬೂವನಹಳ್ಳೀಲಿ ಏರ್‌ಪೋರ್ಟು ಕಟ್ಟಿ ಮುಗಿಸಿ ವಿಮಾನ ಹಾರೋಗಂಟ ಕಾಯ್ತೀಯೇನ್ಲಾ? ಇವತ್ತು ನೀನು ಹೂಂ ಅನ್ನೋಗಂಟ ನಿನ್ನ ಈ ತ್ವಾಟದಿಂದ ಆಚೆ ಬಿಡಾಕಿಲ್ಲ" ಅಂದ ರವೀಂದ್ರ, ತೊಡೆಯ ಮೇಲೆ ಒಂದು ಹಾಕಿ. ಏಟು ಚುರುಗುಟ್ಟಿತು. ಗೆಳೆಯನ ಏಟು. ಅದರಲ್ಲಿ ಹುಳುಕು ಹುಡುಕಲು ಶಾಂತರಾಜುವಿನ ಕೈಲಿ ಆಗಲಿಲ್ಲ.

ತೊಟ್ಟಿಯ ಗೋಡೆಗೆ ಪಾಚಿ ಕಟ್ಟಿತ್ತು. ನೀರಿನ ಮೇಲೆ ತೆಂಗಿನ ಗರಿಯ ಧೂಳು, ಒಂದು ಸತ್ತ ಜೀರುಂಡೆ, ಸೋಪಿನ ನೊರೆ. ರವೀಂದ್ರ ಚಡ್ಡಿಯಲ್ಲಿ ಹೊಟ್ಟೆ ಕುಣಿಸಿಕೊಂಡು ಇಳಿದ. ಅವನೂ ಒಂದು ಪೈಪು ತರಿಸಿದ್ದ. ಕನ್ನಡಕವನ್ನು ಕೈಯಲ್ಲಿ ಹಿಡಿದು ಗಂಟಲಿಂದ ಕ್ಯಾಕರಿಸಿ ಅದರ ಗಾಜಿನೊಳಕ್ಕೆ ಉಗಿದ. ಮಕ್ಕಳು ಕಿರುಚಿದರು. "ವಿಡಿಯೋದಲ್ಲಿ ತೋರ್ಸವ್ರೆ ಕಣ್ರೇ! ಉಗಿದು ಉಜ್ಜಿದ್ರೆ ಗಾಜು ಮಂಜಾಗಾಕಿಲ್ಲ" ಅಂತ ಬೆರಳಲ್ಲಿ ಉಜ್ಜಿದ, ಒಂದಿಷ್ಟು ನೀರು ಆಡಿಸಿದ, ಮುಖಕ್ಕೆ ಹಾಕಿಕೊಂಡ. ಬೋರಲಾಗಿ ಮಲಗಿದವನು ಗಳಿಗೆಯಲ್ಲೇ ನೀರು ಕುಡಿದು, ಕೆಮ್ಮಿ, ಎದ್ದು ನಿಂತು ಕನ್ನಡಕವನ್ನು ಮೇಲಕ್ಕೆ ಸರಿಸಿದ. ಮೂಗಿನಿಂದ ತುಟಿಯವರೆಗೆ ಸಿಂಬಳ ಇಳಿಬಿದ್ದು, ಬಿಸಿಲಿಗೆ ಹೊಳೆಯುತ್ತ ಅಲ್ಲಾಡುತ್ತಿತ್ತು. ಶಾಂತರಾಜು ಮುಖ ತಿರುಗಿಸಲಿಲ್ಲ. ನೋಡಿದ, ಕಣ್ತುಂಬ ನೋಡಿದ. ಆ ಮೈ ಎಷ್ಟು ಅಸಹ್ಯ: ಎದೆಯ ಒದ್ದೆ ಕೂದಲು, ಹೊಕ್ಕುಳಲ್ಲಿ ಸಿಕ್ಕಿಕೊಂಡ ಪಾಚಿ, ಕೋಳಿ ಸಾರಿನ ತೇಗು. ನಿನ್ನ ತಾತ ಯಾರ ನೆರಳಿಗೆ ಹೇಸುತ್ತಿದ್ದನೋ ಅವನ ಮೊಮ್ಮಗ ನಿನ್ನ ಸಿಂಬಳಕ್ಕೆ ಹೇಸುತ್ತಿದ್ದಾನೆ ನೋಡು, ಅಂದುಕೊಂಡ. ಹಾಗೆ ಹೇಸುವುದರಲ್ಲಿ ಒಂದು ಸುಖವಿತ್ತು. ಕಜ್ಜಿ ಕೆರೆದುಕೊಂಡ ಹಾಗೆ, ಸಾಕು ಅನ್ನಿಸದ ಸುಖ. ರವೀಂದ್ರ ಹಿಂಗೈಯಲ್ಲಿ ಮೂಗು ಒರೆಸಿ, ಕೈಯನ್ನು ಅದೇ ನೀರಿನಲ್ಲಿ ಅದ್ದಿ, "ಇಳೀಲಾ ನೀನೂ" ಅಂದ.

ಶಾಂತರಾಜು ಅಂಗಿ ಬಿಚ್ಚಿ ತೊಟ್ಟಿಯ ಅಂಚಿನಲ್ಲಿ ಕೂತ. ಕಾಲು ನೀರಿಗೆ ಬಿಡುವ ಮುಂಚೆ ದೊಡ್ಡತಾಯಮ್ಮನ ಮುಖ ನೋಡಿದ. ನೋಡದೆ ಇಳಿಯಬೇಕು ಅಂತ ಮನೆಯಿಂದಲೇ ಅಂದುಕೊಂಡು ಬಂದಿದ್ದ, ಆದರೂ ನೋಡಿದ. ಮೋಟರ್ ಮನೆಯ ನೆರಳಲ್ಲಿ ಕಾಲು ಚಾಚಿ ಕೂತಿದ್ದ ಮುದುಕಿ ಎಲೆಯಡಿಕೆ ಮೆಲ್ಲುತ್ತ, "ಇಳೀ ಮಗ, ಅದ್ಯಾಕೆ ಅಂಗೆ ಕುಂತ್ಕಂಡೆ? ಸಂಜೆಗೆ ಎಂಗೂ ಈ ನೀರ್ನ ತೆಂಗಿಗೆ ಬುಡೋದೆಯ" ಅಂದಳು. ದಿನವೂ ಸಂಜೆ ಬಿಡುತ್ತಾರೆಯೇ, ಇವತ್ತು ಮಾತ್ರ ಬಿಡುತ್ತಾರೆಯೇ? ಅವನು ಮುಖ ಮುಳುಗಿಸಿದ. ಮೊದಲು ಹೆದರಿಕೆ, ಆಮೇಲೆ ಉಸಿರು ಬಂತು. ರಬ್ಬರಿನ ವಾಸನೆ ಹೋಗಿತ್ತು. ಹಸಿರು ಕತ್ತಲೆಯಲ್ಲಿ ಬಿಸಿಲಿನ ಕೋಲುಗಳು ಇಳಿದಿದ್ದವು, ತಳದಲ್ಲಿ ಕಪ್ಪೆಮರಿಗಳು ಪುಳಕ್ಕನೆ ಸರಿದವು, ಪಕ್ಕದಲ್ಲಿ ಇಳಿದು ನಿಂತಿದ್ದ ರಂಜಿನಿಯ ತೆಳ್ಳಗಿನ ಕಾಲುಗಳು ಬೆಳ್ಳಗೆ ಕಂಡವು. ಅವಳೂ ಮುಖ ಮುಳುಗಿಸಿದಳು. ನೇರಳೆ ಗಾಜಿನ ಹಿಂದೆ ಅವಳ ಕಣ್ಣುಗಳು ದೊಡ್ಡದಾಗಿ ಅವನನ್ನು ನೋಡಿದವು, ನೀರೊಳಗೇ ನಕ್ಕವು. ಮೇಲೆ ಯಾರು ಏನು ಮಾತಾಡಿದರೂ ಕೇಳಿಸುತ್ತಿರಲಿಲ್ಲ. ಕೇಳಿಸದಿರುವುದು ಇಷ್ಟು ಚೆನ್ನಾಗಿರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಹೋಗಣ, ಹೂಂ ಅಂದುಬಿಡೋಣ, ಇವಳಿಗೆ ಆ ಬಂಡೆಯ ಕೆಳಗಿನ ನೀರು ತೋರಿಸಿಬಿಡೋಣ ಅಂತ ಅವನು ತೀರ್ಮಾನ ಮಾಡಿದ್ದು ಅಲ್ಲೇ, ತೊಟ್ಟಿಯೊಳಗೇ, ಪೈಪು ಕಚ್ಚಿಕೊಂಡೇ.

ಎದ್ದು ನಿಂತು ಪೈಪು ಬಾಯಿಂದ ತೆಗೆದ. ತುದಿಯಿಂದ ಜೊಲ್ಲಿನ ಎಳೆ ಜಗ್ಗಿ ಕಡಿಯಿತು. ರವೀಂದ್ರ ತನ್ನ ಪೈಪನ್ನು ದಂಡೆಯ ಮೇಲೆ ಎಸೆದು, "ಥತ್, ನಂದು ಎಲ್ಲೋ ಸೋರ್ತದೆ ಕಣ್ಲಾ. ನಿಂದು ತತ್ತಾ ಇಲ್ಲಿ, ನೋಡನ" ಅಂತ ಕೈ ಚಾಚಿದ. ಒದ್ದೆ ಕೈ, ಅಂಗೈ ಮೇಲಾಗಿ, ಎಷ್ಟು ಸಲೀಸಾಗಿ ಚಾಚಿತ್ತು! ಶಾಂತರಾಜುವಿನ ಕೈ ಮುಂದೆ ಹೋಗಬೇಕಿತ್ತು. ಹಿಂದೆ ಹೋಯಿತು. "ಇರು, ತೊಳ್ದು ಕೊಡ್ತೀನಿ" ಅಂದ ಅವನ ಬಾಯಿ. ಪಂಪಿನ ಕೊಳವೆಯಿಂದ ಬೀಳುತ್ತಿದ್ದ ನೀರಿಗೆ ಹಿಡಿದು, ಹೆಬ್ಬೆರಳಿನಿಂದ ರಬ್ಬರಿನ ಸಂದಿಸಂದಿ ಉಜ್ಜಿದ. ಹಲ್ಲು ಕಚ್ಚುವ ಗುಬಟು, ತುಟಿ ಕೂರುವ ಅಂಚು, ಒಳಗೋಡೆ, ಉಜ್ಜಿದ, ಮತ್ತೆ ಉಜ್ಜಿದ. "ಅದೇನ್ ತೊಳೀತೀಯ ತಂದಾಕ್ಲಾ" ಅಂತ ರವೀಂದ್ರ ಕಿತ್ತುಕೊಂಡು, ಕೊಡವದೆ ಒರೆಸದೆ, ಗಬಕ್ಕನೆ ಬಾಯಿಗಿಟ್ಟುಕೊಂಡು ನೀರಿಗೆ ಬೋರಲು ಬಿದ್ದ. ಅಷ್ಟೇ. ಒಂದು ಪೈಪು ಕೈ ಬದಲಾಗುವುದಕ್ಕೆ ಇಷ್ಟೇ ಬೇಕಾಗಿತ್ತು. ಶಾಂತರಾಜು ಬರಿಗೈಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದ. ಅವನ ಹೆಬ್ಬೆರಳಿನ ತುದಿಗೆ ಗೊತ್ತಿತ್ತು ಅದು ಉಜ್ಜಿದ್ದು ಏನನ್ನು ಅಂತ. ಆ ಕೆಲಸ ಯಾರೂ ಕಲಿಸಿದ್ದಲ್ಲ, ಅದು ಸೂರಿನಿಂದ ಲೋಟ ಎಳೆದು ತೊಳೆಯುತ್ತಿದ್ದವರ ಹೆಬ್ಬೆರಳು. ರವೀಂದ್ರನ ಸಿಂಬಳ ನೋಡಿದಾಗ ಬಾರದ ವಾಂತಿ ಈಗ ಗಂಟಲವರೆಗೆ ಬಂದು ನಿಂತಿತು. ಹಾಗಾದರೆ ಸ್ಟೀಲಿನ ಲೋಟ ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಅವ್ವ ಒಬ್ಬಳೇ ಅಲ್ಲ. ಮೂರು ಲೋಟ, ಹಳದಿ, ಕೆಂಪು, ನೇರಳೆ, ಮನೆಮಂದಿಗೆಲ್ಲ ನಾನೇ ತರಿಸಿಕೊಟ್ಟೆ.

"ರಂಜೂ, ನಿಂದು ಕೊಡೇ, ಪರ್ಪಲ್ ಕಲರ್ ನಂಗಿಷ್ಟ" ಅಂತ ಸ್ಪಂದನಾ ಕೇಳುತ್ತಿದ್ದಳು. ಶಾಂತರಾಜು ತಿರುಗಿದ. ರಂಜಿನಿ ಪೈಪನ್ನು ಬಾಯಿಂದ ತೆಗೆದು ಎದೆಗೆ ಅವಚಿಕೊಂಡಿದ್ದಳು. "ಕೊಡ್ಬಾರ್ದು" ಅಂದಳು. "ಯಾಕೆ?" "ನಂದು ಎಂಜಲು ಕಣೇ. ನಿಂಗಾಗಲ್ಲ." ಅಷ್ಟು ಹೇಳಿ ಅಪ್ಪನ ಕಡೆ ಒಮ್ಮೆ ನೋಡಿದಳು, ಪಾಠ ಒಪ್ಪಿಸುವಾಗ ನೋಡುತ್ತಾಳಲ್ಲ, ಹಾಗೆ. ಆಮೇಲೆ ಅವಳಿಗೆ ಏನೋ ಹೊಳೆದು ಮುಖ ಅರಳಿತು. "ಇರು, ತೊಳ್ದು ಕೊಡ್ತೀನಿ" ಅಂದಳು. ನೀರು ಸರಿಸಿಕೊಂಡು ಪಂಪಿನ ಕೊಳವೆಯ ಹತ್ತಿರ ಹೋಗಿ, ಪೈಪಿನ ತುದಿಯನ್ನು ನೀರಿಗೆ ಹಿಡಿದು, ತನ್ನ ಪುಟ್ಟ ಹೆಬ್ಬೆರಳಿನಿಂದ ಸಂದಿಸಂದಿ ಉಜ್ಜತೊಡಗಿದಳು.

ಯಶೋಧರಾ ದಂಡೆಯ ಮೇಲೆ ಎದ್ದು ನಿಂತಳು. ನೆರಳಲ್ಲಿ ಕೂತಿದ್ದ ದೊಡ್ಡತಾಯಮ್ಮ ಎಲೆಯಡಿಕೆ ಉಗಿದು, ಬಾಯಿ ಒರೆಸಿಕೊಂಡು, ಮನಸಾರೆ ಹೇಳಿದಳು: "ನೋಡವ್ವ, ಕೂಸು ಎಷ್ಟು ಅಚ್ಚುಕಟ್ಟು! ಹೇಳಿಸ್ಕಳಾಕಿಲ್ಲ. ಚೆಂದಾಗಿ ಕಲ್ಸಿದ್ದೀಯ ಕಣಪ್ಪ ಶಾಂತರಾಜು, ತಿಳುವಳಿಕಸ್ತರ ಮನೆ ಮಗ." ಅವಳ ದನಿಯಲ್ಲಿ ಕೊಂಕಿರಲಿಲ್ಲ, ಮಮತೆಯೇ ಇತ್ತು. ರಂಜಿನಿಗೆ ಹೊಗಳಿಕೆ ಕೇಳಿಸಿತು. ನಾಚಿಕೊಂಡು ತಲೆ ಬಗ್ಗಿಸಿ ನಕ್ಕಳು. ಶಾಂತರಾಜು ಆ ನಗು ನೋಡಿದ. ಅದೇ ನಗು. ಅವಳು ಅಜ್ಜಿಯನ್ನು ನೋಡಿದವಳೇ ಅಲ್ಲ, ಮಲ್ಲಿಗಮ್ಮ ಸತ್ತಾಗ ಇವಳು ಹುಟ್ಟಿಯೇ ಇರಲಿಲ್ಲ. ಆದರೂ ತುಟಿಯ ಅದೇ ಮೂಲೆ ಕೆಳಗಿಳಿದು, ಅದೇ ಗಲ್ಲ ಭುಜಕ್ಕೆ ತಾಗಿ, ಅದೇ ನಗು.

"ತೊಳೀಬೇಡ!" ಅಂದ. ದನಿ ಎಷ್ಟು ಜೋರಾಗಿತ್ತೆಂದರೆ ತೆಂಗಿನ ಮರದಿಂದ ಕಾಗೆ ಎದ್ದಿತು. ರಂಜಿನಿ ಬೆಚ್ಚಿ ಕೈ ತೆಗೆದಳು. "ಅಂಗೇ ಕೊಡು ಅವಳಿಗೆ."

"ತೊಳೆದಾಯ್ತಲ್ಲಪ್ಪ" ಅಂದಳು ಅವಳು, ತಪ್ಪು ಮಾಡಿದೆನೇನೋ ಅನ್ನುವ ಹಾಗೆ.

"ಹಂಗಾದ್ರೆ ಇನ್ನೊಂದ್ಸಲ ಬಾಯಿಗಿಟ್ಕೋ. ಇಟ್ಕೊಂಡು, ಆಮೇಲೆ ಕೊಡು."

"ಏನ್ರೀ ಇದು?" ಅಂದಳು ಯಶೋಧರಾ ಮೆಲ್ಲಗೆ. ಅವನಿಗೆ ಕೇಳಿಸಿತು, ಕೇಳಿಸದವನ ಹಾಗೆ ನಿಂತ. ರಂಜಿನಿ ಅಪ್ಪನ ಮುಖವನ್ನು ನೋಡಿದಳು, ಅಮ್ಮನ ಮುಖವನ್ನು ನೋಡಿದಳು, ಮುದುಕಿಯ ಮುಖವನ್ನು ನೋಡಿದಳು. ಎಲ್ಲರ ಮುಖವನ್ನೂ ನೋಡಿ ಮುಗಿಸಿ, ಪೈಪನ್ನು ಬಾಯಿಗಿಟ್ಟು ಕಚ್ಚಿ, ತೆಗೆದು, ಸ್ಪಂದನಾಳ ಕಡೆ ಚಾಚಿದಳು. ತುದಿ ಬಿಸಿಲಿಗೆ ಹೊಳೆಯುತ್ತಿತ್ತು.

ಸ್ಪಂದನಾ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. "ಛೀ, ಏನ್ ಅಂಕಲ್ ನೀವು! ಯಾರಾದ್ರೂ ಹಂಗೆ ಕೊಡ್ತಾರಾ?" ಅಂದು ಮುಖ ಸಿಂಡರಿಸಿ ನಕ್ಕಳು. "ಬಾ ಸ್ಪಂದನಾ, ಮೇಲಕ್ಕೆ ಬಾ, ನೆಗಡಿಯಾಯ್ತದೆ" ಅಂದಳು ದೊಡ್ಡತಾಯಮ್ಮ. ಯಾವ ಮಗುವಾದರೂ ಛೀ ಅನ್ನುತ್ತಿತ್ತು. ಯಾವ ಅಜ್ಜಿಯಾದರೂ ನೆಗಡಿ ಅನ್ನುತ್ತಿದ್ದಳು. ಅವರ ಮೇಲೆ ಹೊರಿಸಲು ಶಾಂತರಾಜುವಿನ ಕೈಲಿ ಏನೂ ಇರಲಿಲ್ಲ, ಮಗಳ ಮುಂದೆ ಎತ್ತಿ ತೋರಿಸಿ ಇಗೋ ಇದು ಅನ್ನಲು ಏನೂ ಇರಲಿಲ್ಲ. ಸ್ಪಂದನಾ ಏಣಿ ಹತ್ತಿ ಟವಲು ಸುತ್ತಿಕೊಂಡಳು. ರಂಜಿನಿಯ ಕೈ ಮಾತ್ರ ಇನ್ನೂ ಚಾಚಿಕೊಂಡೇ ಇತ್ತು.

ತೊಟ್ಟಿಯ ಆ ತುದಿಯಲ್ಲಿ ಬೋರಲಾಗಿ ತೇಲುತ್ತಿದ್ದ ರವೀಂದ್ರನಿಗೆ ಇದಾವುದೂ ಕೇಳಿಸಿರಲಿಲ್ಲ. ಹಳದಿ ಪೈಪಿನಿಂದ ಅವನ ಉಸಿರು ಗೊರಗೊರ ಹೋಗಿಬರುತ್ತಿತ್ತು. ಅವನು ಎದ್ದು, ಕನ್ನಡಕವನ್ನು ಹಣೆಗೇರಿಸಿ, ಪೈಪನ್ನು ಬಾಯಿಂದ ತೆಗೆದು, ಆನಂದದಿಂದ ಕೂಗಿದ: "ಲೇ ಶಾಂತರಾಜು, ಸ್ವರ್ಗ ಕಣ್ಲಾ! ಬುಕ್ ಮಾಡ್ಬುಡ್ಲಾ ಆರು ಜನಕ್ಕೂ?"

ಶಾಂತರಾಜು ಬಾಯಿ ತೆರೆದ. ಹೂಂ ಅನ್ನಬೇಕೆಂದು ತೆರೆದ. ಅಷ್ಟರಲ್ಲಿ ರಂಜಿನಿ ಚಾಚಿದ್ದ ಕೈಯನ್ನು ಮಡಚಿಕೊಂಡಳು. ಯಾರ ಕಡೆಗೂ ನೋಡದೆ, ಯಾರೂ ಹೇಳದೆ, ಪಂಪಿನ ಕೊಳವೆಯ ಕಡೆ ತಿರುಗಿ, ಪೈಪನ್ನು ಮತ್ತೆ ನೀರಿಗೆ ಹಿಡಿದು, ಹೆಬ್ಬೆರಳಿನಿಂದ ಉಜ್ಜತೊಡಗಿದಳು.